ಎಣ್ಣೆ ಕಡೆಯುವ ಗೇರ್‌ಬಾಕ್ಸ್

“ಕ್ಲಚ್ಚೇ ಇಲ್ಲ ಅಂತೀಯ. ಮತ್ತೆ ಸುಟ್ಟಿದ್ದು ಏನೋ?”

ಸಕಲೇಶಪುರದಿಂದ ಸೋದರಮಾವ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಅಲ್ಲಿ ಬೆಳಗಿನ ಕಾಫಿಯ ಹೊತ್ತು, ಇಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ರಾತ್ರಿ ಎಂಟು ಗಂಟೆ. ಮಾವ ಮೂವತ್ತು ವರ್ಷ ಮಂಗಳೂರು, ಬೆಂಗಳೂರು ನಡುವೆ ಲಾರಿ ಓಡಿಸಿದವರು. ಶಿರಾಡಿ ಘಾಟಿಯ ಯಾವ ತಿರುವಿಗೆ ಯಾವ ಗೇರು ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲರು. ಏರಿನಲ್ಲಿ ಗಾಡಿಯಿಂದ ಸುಟ್ಟ ವಾಸನೆ ಬಂತೆಂದರೆ ಅವರ ಲೆಕ್ಕದಲ್ಲಿ ಹೋಗಿದ್ದು ಕ್ಲಚ್ ಪ್ಲೇಟು, ಸ್ಟೇರಿಂಗ್ ಹಿಡಿದಿದ್ದವನು ಹಾಫ್ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದ ಪೆದ್ದ. ನನ್ನ ಗಾಡಿಯಲ್ಲಿ ಕ್ಲಚ್ ಪೆಡಲ್ಲೇ ಇಲ್ಲವೆಂದಾಗ ಅವರಿಗೆ ಲೆಕ್ಕ ತಪ್ಪಿತು. ನನಗೂ ಅಂದು ಸರಿಯಾದ ಉತ್ತರ ಗೊತ್ತಿರಲಿಲ್ಲ. ಗೊತ್ತಾಗಲು ಎರಡು ತಿಂಗಳು, ಒಂದು ಹಾಳಾದ ಪ್ಯಾಂಟು, ಮತ್ತು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುವಷ್ಟು ಡಾಲರು ಬೇಕಾದವು.

ಟ್ರಕ್ ಎಂದರೆ ನಮ್ಮ ಕಿವಿಗೆ ಲಾರಿ. ಅಮೆರಿಕದಲ್ಲಿ ಟ್ರಕ್ ಎಂದರೆ ಮೊದಲಿಗೆ ಪಿಕಪ್: ಮುಂದೆ ಮೂವರು ಕೂರುವ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ. ನನ್ನದು 1988ರ ಮಾದರಿ. ವಿ8 ಪೆಟ್ರೋಲ್ ಎಂಜಿನ್, ನಾಲ್ಕು ಗೇರಿನ ಆಟೊಮ್ಯಾಟಿಕ್. ಆಗಸ್ಟಿನಲ್ಲಿ ಗೆಳೆಯನ ಮಗಳು ಫ್ಲ್ಯಾಗ್‌ಸ್ಟಾಫ್‌ನ ವಿಶ್ವವಿದ್ಯಾಲಯಕ್ಕೆ ಸೇರಿದಳು. ಮಂಚ, ಮೇಜು, ಪುಟ್ಟ ಫ್ರಿಜ್ಜು, ಅವಳಮ್ಮ ಕಟ್ಟಿಕೊಟ್ಟ ಹುಳಿಪುಡಿ, ಚಟ್ನಿಪುಡಿಯ ಡಬ್ಬಗಳು, ಎಲ್ಲವನ್ನೂ ಬಾಡಿಗೆ ಟ್ರೇಲರಿಗೆ ತುಂಬಿ ನನ್ನ ಟ್ರಕ್ಕಿನ ಹಿಂದೆ ಸಿಕ್ಕಿಸಿಕೊಂಡು ಹೊರಟೆವು. ಫೀನಿಕ್ಸ್ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,100 ಅಡಿ ಎತ್ತರದಲ್ಲಿ. ಫ್ಲ್ಯಾಗ್‌ಸ್ಟಾಫ್ ಹತ್ತಿರಹತ್ತಿರ 7,000 ಅಡಿ. ನಡುವಿನ ದಾರಿ 145 ಮೈಲಿ. ಬ್ಲ್ಯಾಕ್ ಕ್ಯಾನ್ಯನ್ ಸಿಟಿ ಎಂಬ ಊರು ದಾಟಿದೊಡನೆ ಹೆದ್ದಾರಿ ಒಮ್ಮೆಲೇ ಬೆಟ್ಟಕ್ಕೆ ಮುಖ ಮಾಡುತ್ತದೆ. ಅಂದು ಹೊರಗೆ 112 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 44 ಸೆಲ್ಸಿಯಸ್. ಇಲ್ಲಿಯವರಿಗೆ ಅದು ಸುದ್ದಿಯೂ ಅಲ್ಲ. 2023ರಲ್ಲಿ ಫೀನಿಕ್ಸ್ ಸತತ 31 ದಿನ 110 ಡಿಗ್ರಿ ಮುಟ್ಟಿತ್ತು.

ಏರಿನ ಅರ್ಧದಲ್ಲಿ ಗೆಳೆಯ ಮೂಗೇರಿಸಿದ. “ಏನೋ ಸುಟ್ಟ ವಾಸನೆ ಬರ್ತಿದೆ ಕಣೋ.” ಮುಂದೆ ಹೋಗುತ್ತಿದ್ದ ಲಾರಿಯದು ಇರಬೇಕೆಂದೆ. ಎಂಜಿನ್ ಬಿಸಿಯ ಮುಳ್ಳು ನೆಟ್ಟಗೆ ನಡುವಿನಲ್ಲೇ ಇತ್ತು, ನನಗೇನು ಚಿಂತೆ? ಎರಡು ನಿಮಿಷದಲ್ಲಿ ಹಿಂಗನ್ನಡಿಯಲ್ಲಿ ಬಿಳಿ ಹೊಗೆ ಕಂಡಿತು. ಪಕ್ಕಕ್ಕೆ ಹಾಕಿ ಇಳಿದು ಬಗ್ಗಿ ನೋಡಿದರೆ ಗೇರ್‌ಬಾಕ್ಸಿನ ಗಾಳಿಕಿಂಡಿಯಿಂದ ಕೆಂಪು ಎಣ್ಣೆ ಉಕ್ಕಿ, ಕಾದ ಸೈಲೆನ್ಸರ್ ಪೈಪಿನ ಮೇಲೆ ತೊಟ್ಟಿಕ್ಕಿ, ಒಗ್ಗರಣೆಗೆ ಬಿದ್ದ ನೀರಿನಂತೆ ಚಟಪಟ ಸದ್ದು ಮಾಡುತ್ತಿತ್ತು. ಬೆಂಕಿ ಹತ್ತಲಿಲ್ಲ. ಹತ್ತಬಹುದಿತ್ತು.

ಮಾವನ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮಜ್ಜಿಗೆ ಕಡೆಯುವುದನ್ನು ನೆನೆಸಿಕೊಳ್ಳಬೇಕು. ಕಡೆಗೋಲಿಗೆ ಹಗ್ಗ ಸುತ್ತಿ ಎಳೆಯುವಾಗ ಗಡಿಗೆಯನ್ನು ಕಾಲಿನಿಂದ ಒತ್ತಿ ಹಿಡಿಯದಿದ್ದರೆ ಏನಾಗುತ್ತದೆ? ಗಡಿಗೆಯೂ ತಿರುಗಲು ನೋಡುತ್ತದೆ. ಕಡೆಗೋಲಿಗೂ ಗಡಿಗೆಗೂ ನಂಟೇ ಇಲ್ಲ, ನಡುವೆ ಇರುವುದು ಬರೀ ಮೊಸರು. ಆದರೂ ತಿರುಗುವ ಬಲ ದಾಟಿ ಹೋಗುತ್ತದೆ. ಆಟೊಮ್ಯಾಟಿಕ್ ಗಾಡಿಯ ಎಂಜಿನ್‌ಗೂ ಗೇರುಗಳಿಗೂ ನಡುವೆ ಕೂತಿರುವ ಟಾರ್ಕ್ ಕನ್ವರ್ಟರ್ ಎಂಬ ದಪ್ಪ ಉಕ್ಕಿನ ಕುಂಬಳಕಾಯಿಯ ಒಳಗೆ ನಡೆಯುವುದು ಇದೇ ಆಟ. ಎಂಜಿನ್ ಕಡೆಯ ರೆಕ್ಕೆಚಕ್ರ ಎಣ್ಣೆಯನ್ನು ಬೀಸಿ ಎಸೆಯುತ್ತದೆ, ಎದುರಿನ ರೆಕ್ಕೆಚಕ್ರ ಆ ಎಣ್ಣೆಯ ಹೊಡೆತಕ್ಕೆ ತಿರುಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಆರಿಹೋಗದಿರುವುದು ಇದರಿಂದಲೇ. ಗಡಿಗೆಯನ್ನು ಬ್ರೇಕ್ ಹಿಡಿದಿದೆ, ಕಡೆಗೋಲು ಒಳಗೆ ತನ್ನಪಾಡಿಗೆ ತಿರುಗುತ್ತಿದೆ.

ಎರಡರ ನಡುವೆ ಸ್ಟೇಟರ್ ಎಂಬ ಮೂರನೆಯ ಚಿಕ್ಕ ಚಕ್ರವಿದೆ. ಮರಳಿ ಬರುವ ಎಣ್ಣೆಯ ದಿಕ್ಕನ್ನು ಅದು ತಿದ್ದಿ, ಎಂಜಿನ್ ಕಡೆಯ ಚಕ್ರಕ್ಕೆ ಎದುರಾಗುವ ಬದಲು ಹಿಂದಿನಿಂದ ತಳ್ಳುವಂತೆ ಮಾಡುತ್ತದೆ. ಗಾಡಿ ನಿಂತಲ್ಲಿಂದ ಹೊರಡುವ ಹೊತ್ತಿನಲ್ಲಿ ಎಂಜಿನ್ನಿನ ತಿರುಚುಬಲ ಸುಮಾರು ಎರಡರಷ್ಟಾಗುವುದು ಇದರ ಕೃಪೆ. 1905ರ ಸುಮಾರಿಗೆ ಜರ್ಮನಿಯ ಹರ್ಮನ್ ಫ್ಯೊಟಿಂಗರ್ ಇದನ್ನು ರೂಪಿಸಿದ್ದು ಕಾರಿಗಲ್ಲ, ಹಡಗಿಗೆ. ಜೋರಾಗಿ ತಿರುಗುವ ಹಬೆ ಟರ್ಬೈನಿನ ಬಲವನ್ನು ನಿಧಾನವಾಗಿ ತಿರುಗಬೇಕಾದ ಪ್ರೊಪೆಲ್ಲರಿಗೆ ದಾಟಿಸುವುದು ಆತನ ತಲೆನೋವಾಗಿತ್ತು. ಹಡಗಿನ ಸುತ್ತ ತಣಿಸಲು ಒಂದಿಡೀ ಸಮುದ್ರವಿತ್ತು ಎಂಬುದನ್ನು ನಾನು ಅಂದು ರಸ್ತೆ ಪಕ್ಕದಲ್ಲಿ ಕೂತು ನೆನೆದಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದೆ.

ಗಡಿಗೆ ಎಂದೂ ಕಡೆಗೋಲಿನಷ್ಟೇ ವೇಗದಲ್ಲಿ ತಿರುಗದು. ಯಾವಾಗಲೂ ಒಂದಿಷ್ಟು ಹಿಂದೆ. ಆ ಹಿಂದೆ ಬಿದ್ದ ಪಾಲು ಎಲ್ಲಿ ಹೋಯಿತು? ಬಿಸಿಯಾಯಿತು. ಲೆಕ್ಕ ಹಾಕಿ ನೋಡಿದರೆ ದಂಗಾಗುತ್ತದೆ. ಟ್ರೇಲರ್ ಎಳೆಯುತ್ತಾ ಏರು ಹತ್ತುವ ಟ್ರಕ್ಕು 100 ಕುದುರೆ ಶಕ್ತಿ ಸುರಿಯುತ್ತಿದೆ, ಅದರಲ್ಲಿ ನೂರಕ್ಕೆ ಹತ್ತು ಪಾಲು ಜಾರಾಟದಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಹತ್ತು ಕುದುರೆ ಶಕ್ತಿ ಎಂದರೆ ಏಳೂವರೆ ಕಿಲೋವಾಟ್. ಸ್ನಾನದ ಬಕೆಟ್ಟಿಗೆ ಇಳಿಬಿಡುವ 1,500 ವಾಟಿನ ಕಾಯಿಲ್ ಇದೆಯಲ್ಲ, ಅಂಥವು ಐದು. ಐದನ್ನೂ ಒಟ್ಟಿಗೆ ಹತ್ತು ಲೀಟರ್ ಎಣ್ಣೆಯಲ್ಲಿ ಮುಳುಗಿಸಿ ಸ್ವಿಚ್ ಹಾಕಿದಂತೆ. ತಣಿಸುವ ದಾರಿ ಇಲ್ಲದೆ ಆ ಎಣ್ಣೆಯೊಂದೇ ಎಲ್ಲ ಬಿಸಿಯನ್ನೂ ನುಂಗಬೇಕಾದರೆ ನಿಮಿಷಕ್ಕೆ 25 ಸೆಲ್ಸಿಯಸ್‌ನಷ್ಟು ಏರುತ್ತದೆ. ಗೇರ್‌ಬಾಕ್ಸಿನ ಕಬ್ಬಿಣ, ಅಲ್ಯೂಮಿನಿಯಂ ತಮ್ಮ ಪಾಲು ಹೀರಿಕೊಳ್ಳುವುದರಿಂದ ಅಷ್ಟು ಬೇಗ ಏರುವುದಿಲ್ಲ. ಏರುವುದಂತೂ ಹೌದು.

ಇನ್ನು ಮಾವನ ಪ್ರಶ್ನೆಯ ಇನ್ನರ್ಧ. ಪೆಡಲ್ ಇಲ್ಲ ನಿಜ, ಆದರೆ ಈ ಪೆಟ್ಟಿಗೆಯಲ್ಲಿ ಕ್ಲಚ್ಚುಗಳಿಗೆ ಬರವಿಲ್ಲ. ನನ್ನ ಟ್ರಕ್ಕಿನಂಥ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಐದು ಕ್ಲಚ್ ಕಟ್ಟುಗಳಿವೆ: ಪೇರಿಸಿಟ್ಟ ದೋಸೆಗಳಂತೆ ಒಂದರ ಮೇಲೊಂದು ಉಕ್ಕಿನ ಬಿಲ್ಲೆ, ಕಾಗದದಂಥ ಪದರ ಅಂಟಿಸಿದ ಬಿಲ್ಲೆ, ಮತ್ತೆ ಉಕ್ಕು. ಪಂಪಿನ ಒತ್ತಡದಲ್ಲಿ ಎಣ್ಣೆ ಬಂದು ಅದುಮಿದಾಗ ಅವು ಕಚ್ಚಿಕೊಳ್ಳುತ್ತವೆ. ಯಾವ ಕಟ್ಟು ಕಚ್ಚಿತು, ಯಾವುದು ಬಿಟ್ಟಿತು ಎನ್ನುವುದರ ಮೇಲೆ ಗೇರು ಬದಲಾಗುತ್ತದೆ. ಅಂದರೆ ಒಂದೇ ಎಣ್ಣೆಗೆ ನಾಲ್ಕು ಕೆಲಸ: ಬಲ ದಾಟಿಸಬೇಕು, ಕ್ಲಚ್ಚನ್ನು ಅದುಮಬೇಕು, ಗೇರಿನ ಹಲ್ಲು ನುಣುಪಾಗಿಡಬೇಕು, ಬಿಸಿಯನ್ನು ಹೊತ್ತು ಹೊರಗೆ ಹಾಕಬೇಕು. ಕಾದರೆ ಎಣ್ಣೆ ತೆಳುವಾಗುತ್ತದೆ, ಸೀಲುಗಳು ಗಟ್ಟಿಯಾಗಿ ಸೋರುತ್ತವೆ, ಒತ್ತಡ ಇಳಿಯುತ್ತದೆ, ಕ್ಲಚ್ಚು ಜಾರುತ್ತದೆ, ಜಾರಿದರೆ ಇನ್ನಷ್ಟು ಬಿಸಿ. ಒಂದು ಸಲ ಈ ಸುಳಿಗೆ ಸಿಕ್ಕಿದ ಪೆಟ್ಟಿಗೆಯನ್ನು ಹೊರಗೆಳೆಯುವುದು ಕಷ್ಟ.

ಈ ಪೆಟ್ಟಿಗೆಗೆ ಹಿತವಾದ ಬಿಸಿ 175ರಿಂದ 200 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 80ರಿಂದ 93 ಸೆಲ್ಸಿಯಸ್. ಅಲ್ಲಿಂದ ಮುಂದೆ ಪ್ರತಿ 20 ಡಿಗ್ರಿ ಫ್ಯಾರನ್‌ಹೀಟಿಗೆ ಎಣ್ಣೆಯ ಆಯಸ್ಸು ಅರ್ಧವಾಗುತ್ತದೆ ಎಂದು ಇಲ್ಲಿಯ ಮೆಕ್ಯಾನಿಕ್‌ಗಳು ಮಗ್ಗಿಯಂತೆ ಒಪ್ಪಿಸುತ್ತಾರೆ. 240 ದಾಟಿದರೆ ಕವಾಟಗಳ ಮೇಲೆ ವಾರ್ನಿಷಿನಂಥ ಪದರ ಕೂರುತ್ತದೆ, 260ರಲ್ಲಿ ರಬ್ಬರ್ ಸೀಲುಗಳು ಬಿರುಸಾಗುತ್ತವೆ, 295ರ ಸುಮಾರಿಗೆ ಕ್ಲಚ್ ಬಿಲ್ಲೆಗಳು ಕೈಬಿಡುತ್ತವೆ. ಹೆಬ್ಬೆರಳಿನ ಲೆಕ್ಕವೇ ಇರಬಹುದು, ಆದರೆ ಸುಳ್ಳಲ್ಲ. ಕಷ್ಟವೆಂದರೆ ಹಳೇ ಟ್ರಕ್ಕುಗಳ ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸಿನ ಬಿಸಿ ತೋರಿಸುವ ಮೀಟರೇ ಇರುವುದಿಲ್ಲ. ನಾನು ನಂಬಿ ಕೂತಿದ್ದ ಮುಳ್ಳು ಎಂಜಿನ್ ನೀರಿನದು. ಪಕ್ಕದ ಮನೆಯಲ್ಲಿ ಬೆಂಕಿ ಬಿದ್ದಿದ್ದಾಗ ನಮ್ಮನೆಯ ಒಲೆ ಆರಿದೆ ಎಂದು ನಿಶ್ಚಿಂತೆಯಾಗಿದ್ದೆ.

ಅಂದು ರಸ್ತೆ ಪಕ್ಕ ನಾನು ಮಾಡಿದ ಮೊದಲ ತಪ್ಪು, ಗಾಬರಿಯಲ್ಲಿ ಎಂಜಿನ್ ಆರಿಸಿದ್ದು. ಬೆಂಕಿಯ ಅಪಾಯ ಇಲ್ಲವೆಂದು ಖಚಿತವಾದರೆ ಎಂಜಿನ್ ಓಡುತ್ತಲೇ ಇರಬೇಕು. ಆಗಲೇ ಪಂಪು ಎಣ್ಣೆಯನ್ನು ಕೂಲರಿಗೆ ಕಳಿಸಿ ತಣಿಸುವುದು. ಇದರಲ್ಲೂ ಒಂದು ಸೂಕ್ಷ್ಮವಿದೆ. ಹಳೇ ಕ್ರೈಸ್ಲರ್ ಟಾರ್ಕ್‌ಫ್ಲೈಟ್ ಪೆಟ್ಟಿಗೆಗಳಲ್ಲಿ ಪಾರ್ಕ್‌ಗೆ ಹಾಕಿದರೆ ಎಣ್ಣೆ ಕೂಲರಿನತ್ತ ಹರಿಯುವುದಿಲ್ಲ. ಅಂಥ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಕೈಬ್ರೇಕ್ ಹಾಕಿ ನಿಲ್ಲಿಸಬೇಕು. ಉಳಿದ ಬಹುಪಾಲು ಪೆಟ್ಟಿಗೆಗಳಿಗೆ ಪಾರ್ಕ್ ಆದರೂ ನಡೆಯುತ್ತದೆ.

ತಣಿದ ಮೇಲೆ ಡಿಪ್‌ಸ್ಟಿಕ್ ಎಳೆದು ಬಿಳಿ ಟಿಶ್ಯೂ ಕಾಗದದ ಮೇಲೆ ಒಂದು ಹನಿ ಬಿಟ್ಟೆ. ಒಳ್ಳೆಯ ಎಣ್ಣೆ ಕುಂಕುಮದ ನೀರಿನಂತೆ ಹರಡಿ ಅಂಚಿನಲ್ಲಿ ನಸುಗೆಂಪು ಬಳೆ ಮೂಡಿಸುತ್ತದೆ. ನನ್ನದು ಕಂದು ಬೊಟ್ಟಾಗಿ ಬಿದ್ದಲ್ಲೇ ಕೂತಿತು, ಸೀದ ಬೆಲ್ಲದ ವಾಸನೆ. ಗೆಳೆಯನ ಮಗಳು ಅದನ್ನು ನೋಡಿ, “ಅಂಕಲ್, ಇದು ಗೊಜ್ಜಿನ ಥರ ಇದೆ” ಎಂದಳು. ಉಳಿದ ದಾರಿಯನ್ನು ಅವಳು ಇನ್ಯಾರದೋ ಕಾರಿನಲ್ಲಿ ಮುಗಿಸಿದಳು. ಟ್ರೇಲರು, ಟ್ರಕ್ಕು, ನಾವಿಬ್ಬರು ಟೋ ಗಾಡಿಯ ಮೇಲೆ ಮನೆ ಸೇರಿದೆವು.

ಎಣ್ಣೆಯ ಮಾತು ಬಂದಿದ್ದಕ್ಕೆ ಸ್ವಲ್ಪ ದಾರಿ ತಪ್ಪುತ್ತೇನೆ. ಜನರಲ್ ಮೋಟರ್ಸ್ 1940ರ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಎಂಬ ಪೂರ್ಣ ಆಟೊಮ್ಯಾಟಿಕ್ ಪೆಟ್ಟಿಗೆಯನ್ನು ಜನರಿಗೆ ಮಾರಲು ಶುರುಮಾಡಿತು. ಎರಡನೇ ಮಹಾಯುದ್ಧ ಬಂದಾಗ ಅದೇ ಪೆಟ್ಟಿಗೆ ಸ್ಟುವರ್ಟ್ ಟ್ಯಾಂಕುಗಳ ಹೊಟ್ಟೆ ಸೇರಿತು. 1954ರ ಹೊತ್ತಿಗೆ ಪಿಕಪ್ ಟ್ರಕ್ಕಿಗೂ ಬಂತು. ಈ ಪೆಟ್ಟಿಗೆಗಳ ಎಣ್ಣೆಗೆ ಎರಡು ಕಡೆ ಎಳೆಯುವ ಗುಣ ಬೇಕು: ನುಣುಪಾಗಿಯೂ ಇರಬೇಕು, ಕ್ಲಚ್ಚು ಕಚ್ಚುವಾಗ ಜಾರಿಸಲೂ ಬಾರದು. ಆ ಹದ ಕೂಡಿಸಲು ದಶಕಗಳ ಕಾಲ ಬೆರೆಸುತ್ತಿದ್ದದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆ. ಹೌದು, ಡೆಟ್ರಾಯಿಟ್ಟಿನ ಕಾರು ನಯವಾಗಿ ಗೇರು ಬದಲಿಸಲೆಂದು ಎಲ್ಲೋ ಕಡಲಿನಲ್ಲಿ ತಿಮಿಂಗಿಲ ಸಾಯುತ್ತಿತ್ತು. 1970ರಲ್ಲಿ ಅಮೆರಿಕ ಅದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದ ಮೇಲೆ ಕಂಪನಿಗಳು ಬದಲಿ ಹುಡುಕಿ ಪರದಾಡಿದವು. ತಿಮಿಂಗಿಲವಿಲ್ಲದ ಹೊಸ ಎಣ್ಣೆಗಳ ಮೊದಲ ಪೀಳಿಗೆಯಲ್ಲಿ ಕೆಲವು, ರೇಡಿಯೇಟರ್ ಒಳಗಿನ ಕೂಲರಿನ ಬೆಸುಗೆಯನ್ನೇ ತಿಂದು ಹಾಕಿದವು. ಸವಕಳಿ ತಡೆಯುವ ಮದ್ದು ಬೆರೆಸಿದ ಮೇಲೆ ಅದು ಸರಿಹೋಯಿತು. ಬದಲಿ ಹುಡುಕಿದವರ ಕಣ್ಣು ಬಿದ್ದ ಗಿಡಗಳಲ್ಲಿ ಒಂದು ಹೊಹೊಬಾ. ಅದರ ಬೀಜದ ಎಣ್ಣೆ ರಚನೆಯಲ್ಲಿ ತಿಮಿಂಗಿಲದ ಎಣ್ಣೆಗೆ ಹತ್ತಿರದ ನೆಂಟ. ಈಗ ರಾಜಸ್ಥಾನದಲ್ಲೂ ಬೆಳೆಯುತ್ತಾರೆ. ಅದರ ತವರು ಮಾತ್ರ ಫೀನಿಕ್ಸ್ ಸುತ್ತಲಿನ ಇದೇ ಸೊನೊರನ್ ಮರುಭೂಮಿ. ನಾನು ಕೂತಿದ್ದ ರಸ್ತೆ ಪಕ್ಕದ ಗುಡ್ಡದಲ್ಲಿ ಬೂದುಹಸಿರು ಎಲೆಯ ಆ ಪೊದೆಗಳೇ ಇದ್ದಿರಬೇಕು. ಅಂದು ನೋಡುವ ಮನಸ್ಸಿರಲಿಲ್ಲ.

ಗೇರ್‌ಬಾಕ್ಸ್ ಮಾತ್ರ ರಿಪೇರಿ ಮಾಡುವ ಅಂಗಡಿಯವನು ಡಿಪ್‌ಸ್ಟಿಕ್ ಮೂಸಿ, ಇಡೀ ಪೆಟ್ಟಿಗೆ ಇಳಿಸಿ ಬಿಚ್ಚಿ ಕಟ್ಟಬೇಕು, ಮೂರೂವರೆ ಸಾವಿರ ಡಾಲರ್ ಎಂದ. ಟ್ರಕ್ಕಿಗೆ ನಾನು ಕೊಟ್ಟಿದ್ದೇ ಅದಕ್ಕಿಂತ ಕಡಿಮೆ. ಮನೆಗೆ ತಂದು ನಾನೇ ಕೆಳಗೆ ನುಗ್ಗಿದೆ.

ಹಳೇ ಅಮೆರಿಕನ್ ಟ್ರಕ್ಕುಗಳ ಗೇರ್‌ಬಾಕ್ಸಿನ ತಳದ ಚೇಂಬರಿಗೆ ಎಣ್ಣೆ ಇಳಿಸುವ ಬಿರಡೆ ಇರುವುದಿಲ್ಲ. ಯಾಕೆ ಇಟ್ಟಿಲ್ಲ ಎಂದು ಕೇಳಿದರೆ ಎಲ್ಲರೂ ನಗುತ್ತಾರೆ. ಹದಿನಾರು ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಒಂದು ಮೂಲೆಯನ್ನು ಮೊದಲು ಇಳಿಬಿಟ್ಟು, ಎಣ್ಣೆ ಆ ಮೂಲೆಯಿಂದಷ್ಟೇ ಸುರಿಯುವಂತೆ ಮಾಡಬೇಕು. ಹಳೇ ಪ್ಯಾಕಿಂಗ್ ಅಂಟಿಕೊಂಡಿರುತ್ತದೆ, ಸ್ಕ್ರೂಡ್ರೈವರ್ ತೂರಿಸಿ ಮೀಟಬೇಕು. ಮೀಟಿದೆ. ಬಿಡಲಿಲ್ಲ. ಇನ್ನೊಮ್ಮೆ ಮೀಟಿದೆ. ಬಿಟ್ಟಿದ್ದು ಒಂದು ಮೂಲೆಯಲ್ಲ, ಮೂರು ಬದಿ ಒಟ್ಟಿಗೆ. ಮೊಣಕೈಯಿಂದ ಕಂಕುಳಿನವರೆಗೆ ಉಗುರುಬೆಚ್ಚಗಿನ ಎಣ್ಣೆಯ ಅಭ್ಯಂಜನವಾಯಿತು. ದೀಪಾವಳಿಗೆ ಇನ್ನೂ ಎರಡು ತಿಂಗಳಿತ್ತು.

ಚೇಂಬರಿನ ತಳದಲ್ಲಿ ಒಂದು ಬಿಲ್ಲೆ ಅಯಸ್ಕಾಂತ ಕೂತಿರುತ್ತದೆ. ರೋಗ ಹೇಳುವುದು ಅದೇ. ಅದರ ಮೇಲೆ ಕಾಡಿಗೆಯಂಥ ನುಣ್ಣನೆ ಬೂದು ಮೆತ್ತೆ ಇದ್ದರೆ ವಯಸ್ಸಿಗೆ ತಕ್ಕ ಸವೆತ, ಹೆದರಬೇಕಿಲ್ಲ. ಕಣ್ಣಿಗೆ ಕಾಣುವ ಲೋಹದ ಚೂರು, ಹಿತ್ತಾಳೆಯ ಹೊಳಪು, ಎಣ್ಣೆಯಲ್ಲಿ ಕರಿ ಕಾಗದದ ಚಿಂದಿಯಂಥದು ತೇಲುತ್ತಿದ್ದರೆ ಅಂಗಡಿಯವನ ಮೂರೂವರೆ ಸಾವಿರ ನಿಜ. ನಾನು ಬೆರಳಿಗೆ ಮೆತ್ತಿಕೊಂಡು ಬಿಸಿಲಿಗೆ ಹಿಡಿದೆ. ಬೂದು, ನುಣ್ಣಗೆ, ವಿಭೂತಿಯ ಹಾಗೆ. ಕ್ಲಚ್ಚುಗಳು ಬದುಕಿದ್ದವು.

ಇಲ್ಲೊಂದು ನಂಬಿಕೆಯ ಜಗಳವಿದೆ. ಹಳೇ ಪೆಟ್ಟಿಗೆಗೆ ಹೊಸ ಎಣ್ಣೆ ಹಾಕಬೇಡ, ಹಾಕಿದರೆ ಸಾಯುತ್ತದೆ ಎಂದು ಫೀನಿಕ್ಸಿನಲ್ಲೂ ಹೇಳುತ್ತಾರೆ, ಬೆಂಗಳೂರಿನ ಗ್ಯಾರೇಜುಗಳಲ್ಲೂ ಹೇಳುತ್ತಾರೆ. ಸವೆದ ಕ್ಲಚ್ಚಿನ ಪುಡಿ ಹಳೇ ಎಣ್ಣೆಯಲ್ಲಿ ಬೆರೆತು ಕಚ್ಚಲು ನೆರವಾಗುತ್ತಿರುತ್ತದೆ, ಅದನ್ನು ತೆಗೆದರೆ ಜಾರಾಟ ಬಯಲಾಗುತ್ತದೆ ಎನ್ನುವುದು ವಾದ. ಅರ್ಧ ನಿಜವಿರಬಹುದು. ನನಗೆ ತೋರುವುದು ಬೇರೆ: ಬಹಳ ಜನ ಎಣ್ಣೆ ಬದಲಿಸುವುದೇ ಪೆಟ್ಟಿಗೆ ಜಾರಲು ಶುರುವಾದ ಮೇಲೆ. ಕೊನೆಯುಸಿರಿನಲ್ಲಿ ಗಂಗಾಜಲ ಹಾಕಿದವರನ್ನು ಗಂಗಾಜಲವೇ ಕೊಂದಿತು ಎಂದಂತಾಯಿತು. ಚೇಂಬರ್ ಇಳಿಸಿದರೆ ಬರುವುದು ಸುಮಾರು ಐದು ಕ್ವಾರ್ಟ್ ಎಣ್ಣೆ (ಕ್ವಾರ್ಟ್ ಎಂದರೆ ಲೀಟರಿಗಿಂತ ತುಸು ಕಡಿಮೆ). ಅದಕ್ಕೂ ಹೆಚ್ಚು ಕನ್ವರ್ಟರಿನ ಹೊಟ್ಟೆಯಲ್ಲೇ ಉಳಿಯುತ್ತದೆ. ಹಾಗಾಗಿ ಸ್ವಲ್ಪ ಓಡಿಸಿ ಮತ್ತೆ ಇಳಿಸಿ, ಮತ್ತೆ ತುಂಬಿ, ಮೂರು ಸಲದಲ್ಲಿ ಬಣ್ಣ ಕೆಂಪಿಗೆ ತಿರುಗಿತು. ತುಂಬುವಾಗ ಕೈ ಧಾರಾಳ ಮಾಡಬಾರದು. ಹೆಚ್ಚಾದರೆ ತಿರುಗುವ ಗೇರುಗಳು ಎಣ್ಣೆಯನ್ನು ಬಡಿದು ನೊರೆ ಎಬ್ಬಿಸುತ್ತವೆ. ನೊರೆಗೆ ಒತ್ತಡ ಹಿಡಿಯುವ ಶಕ್ತಿ ಇಲ್ಲ, ಮತ್ತೆ ಜಾರಾಟ, ಮತ್ತೆ ಬಿಸಿ. ಅಂದು ಗಾಳಿಕಿಂಡಿಯಿಂದ ಉಕ್ಕಿದ್ದಕ್ಕೆ ನಾನು ಹಿಂದಿನ ತಿಂಗಳು ‘ಇರಲಿ’ ಎಂದು ಸುರಿದಿದ್ದ ಅರ್ಧ ಕ್ವಾರ್ಟೂ ಒಂದು ಕಾರಣ.

ಆಮೇಲೆ ಕೂಲರು. ಕಂಪನಿ ಕೊಟ್ಟ ವ್ಯವಸ್ಥೆಯಲ್ಲಿ ಗೇರ್‌ಬಾಕ್ಸಿನ ಎಣ್ಣೆ ಎರಡು ಉಕ್ಕಿನ ಕೊಳವೆಗಳಲ್ಲಿ ಮುಂದಕ್ಕೆ ಹೋಗಿ, ರೇಡಿಯೇಟರಿನ ಬದಿಯ ತೊಟ್ಟಿಯೊಳಗೆ ಹುದುಗಿಸಿಟ್ಟ ಪುಟ್ಟ ಕೂಲರಿನಲ್ಲಿ ಸುತ್ತಿ ಮರಳುತ್ತದೆ. ಎಂಜಿನ್ ನೀರೇ ಅದನ್ನು ತಣಿಸಬೇಕು. ಚಳಿನಾಡಿನಲ್ಲಿ ಇದು ಜಾಣತನ, ನೀರು ಎಣ್ಣೆಯನ್ನು ಬೆಚ್ಚಗೂ ಮಾಡುತ್ತದೆ. ಫೀನಿಕ್ಸಿನ ಬೇಸಿಗೆಯಲ್ಲಿ ಬಿಸಿನೀರಿನಿಂದ ಬಿಸಿಎಣ್ಣೆ ತಣಿಸಿದಂತೆ. ಆ ಪುಟ್ಟ ಕೂಲರಿನೊಳಗೆ ಬಿರುಕು ಬಿಟ್ಟು ನೀರು, ಎಣ್ಣೆ ಬೆರೆತರೆ ರೋಸ್ ಮಿಲ್ಕಿನಂಥ ಗುಲಾಬಿ ನೊರೆ ಬರುತ್ತದೆ. ಅದು ಕಂಡರೆ ಗಾಡಿ ಅಲ್ಲಿಗೇ ನಿಲ್ಲಿಸಬೇಕು, ಕ್ಲಚ್ ಬಿಲ್ಲೆಗಳ ಅಂಟನ್ನು ಆ ನೀರು ಬಿಡಿಸಿಬಿಡುತ್ತದೆ. ಪುಣ್ಯಕ್ಕೆ ನನ್ನದರಲ್ಲಿ ಇರಲಿಲ್ಲ. ಮರಳಿ ಬರುವ ಕೊಳವೆ ಬಿಚ್ಚಿ ಬಕೆಟ್ಟಿಗೆ ಹಿಡಿದು ಎಂಜಿನ್ ಓಡಿಸಿದೆ: ಇಪ್ಪತ್ತು ಸೆಕೆಂಡಿಗೆ ಒಂದು ಕ್ವಾರ್ಟ್ ಬಂದರೆ ಹರಿವು ಸರಿ ಎಂಬುದು ಲೆಕ್ಕ. ಬಂತು.

ರೇಡಿಯೇಟರಿನ ಮುಂದೆ, ಗಾಳಿ ನೇರ ಬಡಿಯುವಲ್ಲಿ, ಇನ್ನೊಂದು ಹೆಚ್ಚುವರಿ ಕೂಲರ್ ಕೂರಿಸಿದೆ. ತಟ್ಟೆಗಳನ್ನು ಪೇರಿಸಿದಂಥ ಮಾದರಿ. ಬಳುಕುವ ಕೊಳವೆಗೆ ರೆಕ್ಕೆ ಹೊದಿಸಿದ ಅಗ್ಗದ ಮಾದರಿಗಿಂತ ಇದು ಅಷ್ಟೇ ಜಾಗದಲ್ಲಿ ಹೆಚ್ಚು ತಣಿಸುತ್ತದೆ. ಎಣ್ಣೆ ಮೊದಲು ರೇಡಿಯೇಟರಿಗೆ, ಅಲ್ಲಿಂದ ಇದಕ್ಕೆ, ಇಲ್ಲಿಂದ ಮನೆಗೆ. ಜೊತೆಗೆ ಬರುವ ಪ್ಲಾಸ್ಟಿಕ್ ದಾರಗಳನ್ನು ರೇಡಿಯೇಟರಿನ ಜಾಲರಿಯ ಮೂಲಕವೇ ತೂರಿಸಿ ಬಿಗಿಯಿರಿ ಎಂದು ಡಬ್ಬದ ಮೇಲೆ ಚಿತ್ರ ಬರೆದಿರುತ್ತದೆ. ನಂಬಬೇಡಿ. ಒಂದು ವರ್ಷದ ಅಲುಗಾಟದಲ್ಲಿ ಉಜ್ಜಿ ಉಜ್ಜಿ ರೇಡಿಯೇಟರಿಗೇ ತೂತು. ಎರಡು ಕಬ್ಬಿಣದ ಪಟ್ಟಿ ಕೊರೆದು ಬೋಲ್ಟ್ ಮಾಡಿದೆ. ಚೇಂಬರಿಗೆ ಸೆನ್ಸರ್ ಹಾಕಿ ಸ್ಟೇರಿಂಗ್ ಪಕ್ಕ ಒಂದು ಮೀಟರನ್ನೂ ಅಂಟಿಸಿದೆ. ಇಷ್ಟೆಲ್ಲ ಆದ ಮೇಲೆ ಖಾಲಿ ಟ್ರಕ್ಕನ್ನು ಹೆದ್ದಾರಿಗೆ ಒಯ್ದರೆ ಸಮತಟ್ಟು ರಸ್ತೆಯಲ್ಲಿ 65 ಮೈಲಿ ವೇಗಕ್ಕೆ ಮುಳ್ಳು 215 ತೋರಿಸುತ್ತಾ ನಿಂತಿತ್ತು.

ಇಲ್ಲಿಗೆ ನನ್ನ ಬುದ್ಧಿ ಮುಗಿದಿತ್ತು. ಬಿಸಿ ಹೊರಹೋಗುವ ದಾರಿಯನ್ನೆಲ್ಲ ಅಗಲ ಮಾಡಿದ್ದೆ. ಬಿಸಿ ಹುಟ್ಟುತ್ತಿರುವುದು ಎಲ್ಲಿ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಕೇಳಿದವರು ಪಕ್ಕದ ಬೀದಿಯ ಮುದುಕರು. ನಲವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಸಂಜೆ ನಾಯಿ ಹಿಡಿದು ಹೋಗುವಾಗ ನನ್ನ ಟ್ರಕ್ಕಿನಡಿಯಿಂದ ಚಾಚಿದ ಕಾಲುಗಳನ್ನು ವಾರಗಟ್ಟಲೆ ನೋಡಿದ್ದರು. ಒಂದು ದಿನ ಬಾಗಿ, “ಲಾಕ್ ಆಗುತ್ತಾ?” ಎಂದರು. ಬಾಗಿಲು ಕೇಳುತ್ತಿದ್ದಾರೆಂದುಕೊಂಡೆ.

ಅವರು ಕೇಳಿದ್ದು ಕನ್ವರ್ಟರಿನ ಬೀಗ. ಕಡೆಗೋಲಿನ ಜಾರಾಟ ಹೊರಡುವಾಗ ಬೇಕು, ಹೆದ್ದಾರಿಯಲ್ಲಿ ದಂಡ. 1949ರಲ್ಲೇ ಪ್ಯಾಕಾರ್ಡ್ ಕಂಪನಿ ಇದಕ್ಕೆ ಮದ್ದು ಹುಡುಕಿತ್ತು, ಪೆಟ್ರೋಲಿನ ಬೆಲೆ ಏರಿದ ಮೇಲೆ 1970ರ ದಶಕದ ಕೊನೆಯಿಂದ ಉಳಿದವರೂ ತಂದರು: ವೇಗ ಹಿಡಿದ ಮೇಲೆ ಕನ್ವರ್ಟರಿನೊಳಗಿನ ಒಂದು ಕ್ಲಚ್ಚು ಕಚ್ಚಿ ಎರಡೂ ರೆಕ್ಕೆಚಕ್ರಗಳನ್ನು ಒಂದಾಗಿ ಬಂಧಿಸುತ್ತದೆ. ಆಗ ಕಡೆಯುವ ಕೆಲಸವೇ ಇಲ್ಲ. ಗೇರ್‌ಬಾಕ್ಸ್ ತಣ್ಣಗೆ, ಪೆಟ್ರೋಲೂ ಉಳಿತಾಯ. ಬ್ರೇಕ್ ಒತ್ತಿದೊಡನೆ ಬೀಗ ಬಿಡಬೇಕು, ಇಲ್ಲದಿದ್ದರೆ ಗಾಡಿ ನಿಂತಾಗ ಎಂಜಿನ್ ಆರುತ್ತದೆ. ಅದಕ್ಕೇ ಬೀಗದ ವಿದ್ಯುತ್ತು ಬ್ರೇಕ್ ಪೆಡಲಿನ ಮೇಲಿರುವ ಸ್ವಿಚ್ಚನ್ನು ಹಾದು ಬರುತ್ತದೆ.

ಅವರು ಹೇಳಿಕೊಟ್ಟ ಪರೀಕ್ಷೆಗೆ ಸಲಕರಣೆ ಬೇಡ. ಸಮತಟ್ಟು ರಸ್ತೆಯಲ್ಲಿ 55 ಮೈಲಿ ವೇಗಕ್ಕೆ ನಿಲ್ಲಿಸಿ, ಆಕ್ಸಿಲರೇಟರ್ ಅಲ್ಲಾಡಿಸದೆ, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ಹಿಡಿಯದಷ್ಟು ಮೆಲ್ಲಗೆ ಸವರು. ಎಂಜಿನ್ ಸುತ್ತು ತಟ್ಟನೆ ಇನ್ನೂರು ಮುನ್ನೂರು ಏರಿದರೆ ಬೀಗ ಹಾಕಿತ್ತು, ಈಗ ಬಿಟ್ಟಿತು. ಏನೂ ಆಗದಿದ್ದರೆ ಹಾಕಿಯೇ ಇರಲಿಲ್ಲ. ನಾನು ಸವರಿದೆ. ಏನೂ ಆಗಲಿಲ್ಲ.

ಪೆಡಲಿನಡಿ ತಲೆಕೆಳಗಾಗಿ ಮಲಗಿ ನೋಡಿದಾಗ ಆ ಸ್ವಿಚ್ಚು ತನ್ನ ಹಿಡಿಯಲ್ಲಿ ಕಾಲು ಇಂಚು ಹಿಂದಕ್ಕೆ ಸರಿದು ಕೂತಿತ್ತು. ಒಳಗೆ ಎರಡು ಜೋಡಿ ಸಂಪರ್ಕಗಳಿರುತ್ತವೆ. ಹಿಂದಿನ ದೀಪದ್ದು ಸರಿಯಾಗೇ ಇತ್ತು, ಅದಕ್ಕೇ ಯಾರಿಗೂ ಅನುಮಾನ ಬಂದಿಲ್ಲ. ಇನ್ನೊಂದು ಜೋಡಿ ಮಾತ್ರ ಪೆಡಲ್ ಒತ್ತೇ ಇದೆ ಎಂದು ಗೇರ್‌ಬಾಕ್ಸಿಗೆ ಸದಾ ಸುಳ್ಳು ಹೇಳುತ್ತಿತ್ತು. ವೇಗವನ್ನು ತಾನೇ ಹಿಡಿದಿಡುವ ಕ್ರೂಸ್ ಕಂಟ್ರೋಲಿಗೂ ಅದೇ ಸುಳ್ಳು. ಎರಡು ವರ್ಷದಿಂದ ನನ್ನ ಟ್ರಕ್ಕಿನಲ್ಲಿ ಕ್ರೂಸ್ ಕೆಲಸ ಮಾಡುತ್ತಿರಲಿಲ್ಲ. ಹಳೇ ಗಾಡಿ, ಅದೊಂದು ಇಲ್ಲದಿದ್ದರೆ ಏನಂತೆ ಎಂದು ಬಿಟ್ಟಿದ್ದೆ. ಅಂದರೆ ಎರಡು ವರ್ಷ ನಾನು ಹೆದ್ದಾರಿಯುದ್ದಕ್ಕೂ ಎಣ್ಣೆ ಕಡೆದಿದ್ದೆ. ಆಗಸ್ಟಿನ ಆ ದಿನ ಕಡಿದಾದ ಏರಿನಲ್ಲಿ ಬೀಗ ಹೇಗೂ ಬಿಡುತ್ತಿತ್ತು, ಆದರೆ ಏರಿನ ಬುಡ ಮುಟ್ಟುವ ಮೊದಲೇ, ಸಮತಟ್ಟಿನಲ್ಲೇ, ಎಣ್ಣೆ ಕಾದು ಕೂತಿತ್ತು. ಅದರ ಮೇಲೆ ನಾನು ಲಿವರನ್ನು ಓವರ್‌ಡ್ರೈವ್ ಎಂಬ ನಾಲ್ಕನೇ ಗೇರಿನಲ್ಲೇ ಬಿಟ್ಟು ಟ್ರೇಲರ್ ಎಳೆಸಿದ್ದೆ. ಹೊಸ ಸ್ವಿಚ್ಚಿಗೆ ಹದಿನೆಂಟು ಡಾಲರ್. ಕೂರಿಸಲು ಹತ್ತು ನಿಮಿಷ.

ಬೆಂಗಳೂರಿನ ಓದುಗರಿಗೆ ಒಂದು ಮಾತು ಸೇರಿಸಬೇಕು. ಅಲ್ಲಿ ಆಟೊಮ್ಯಾಟಿಕ್ ಎಂದು ಮಾರುವುದೆಲ್ಲ ಒಂದೇ ಜಾತಿಯಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ ಎಂದರೆ ಮಾಮೂಲಿ ಕ್ಲಚ್ಚು, ಮಾಮೂಲಿ ಗೇರು. ನಿಮ್ಮ ಕಾಲಿನ ಬದಲು ಯಂತ್ರ ಅದನ್ನು ಒತ್ತುತ್ತದೆ. ಅಲ್ಲಿ ಕಡೆಯುವ ಎಣ್ಣೆಯಿಲ್ಲ, ಮಾವ ಹೇಳುವ ಹಾಫ್ ಕ್ಲಚ್ಚೇ ಇದೆ. ಚಾರ್ಮಾಡಿಯ ಏರಿನಲ್ಲಿ ಮುಂದಿನ ಬಸ್ಸಿನ ಹಿಂದೆ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಲ್ಲೇ ಗಾಡಿ ನಿಲ್ಲಿಸಿಕೊಂಡರೆ ಆ ಕ್ಲಚ್ಚು ಸುಡುತ್ತದೆ, ಥೇಟ್ ಲಾರಿಯ ವಾಸನೆಯಲ್ಲೇ. ಕನ್ವರ್ಟರ್ ಇರುವ ಗಾಡಿ ಅಂಥ ತೆವಳಾಟವನ್ನು ಹೆಚ್ಚು ಸಹಿಸುತ್ತದೆ, ಉದ್ದನೆಯ ಏರಿನಲ್ಲಿ ಭಾರ ಎಳೆಸಿದರೆ ಕಾಯುತ್ತದೆ. ಯಾವುದು ನಿಮ್ಮದು ಎಂದು ಶೋರೂಮಿನವರನ್ನು ಕೇಳಿ ತಿಳಿದುಕೊಂಡಿರುವುದು ಮೇಲು.

ಅಕ್ಟೋಬರಿನಲ್ಲಿ ಗೆಳೆಯನ ಮಗಳಿಗೆ ಒಂದು ಬೀರು ಬೇಕಾಯಿತು. ಅದೇ ಟ್ರಕ್ಕು, ಅಂಥದೇ ಟ್ರೇಲರು, ಮುಂದೆ ಕೂತು ಮೂಗನ್ನೇ ಮೀಟರ್ ಮಾಡಿಕೊಂಡ ಅದೇ ಗೆಳೆಯ. ಊರು ದಾಟಿ ವೇಗ ಹಿಡಿದ ಮೇಲೆ ಎಂಜಿನ್ ಸುತ್ತಿನ ಮುಳ್ಳು ಒಂದು ಕೂದಲೆಳೆ ಕೆಳಗಿಳಿದು ನಿಂತಿತು, ಗೇರು ಬದಲಾದಂತೆ, ಆದರೆ ಅದಕ್ಕಿಂತ ಮೆತ್ತಗೆ. ಬಿಸಿಯ ಮುಳ್ಳು 180. ಕ್ರೂಸ್ ಗುಂಡಿ ಒತ್ತಿದೆ, ಪೆಡಲ್ ನನ್ನ ಪಾದದಡಿಯಿಂದ ತಾನೇ ಸರಿದುಕೊಂಡಿತು. ಬ್ಲ್ಯಾಕ್ ಕ್ಯಾನ್ಯನ್ ಸಿಟಿಯ ಏರಿಗೆ ಮೊದಲೇ ಲಿವರ್ ಎಳೆದು ಮೂರನೇ ಗೇರಿಗೆ ಇಳಿಸಿದೆ. ಎಂಜಿನ್ ಸ್ವಲ್ಪ ಕೂಗಾಡಿತು. ತುದಿ ಮುಟ್ಟುವಾಗ 205, ಐದು ನಿಮಿಷದಲ್ಲಿ ಮತ್ತೆ 185. ಗೆಳೆಯ ಕಿಟಕಿ ಇಳಿಸಿ ಮೂಸಿ ನೋಡಿ ಏರಿಸಿದ.

ರಾತ್ರಿ ಮಾವನಿಗೆ ಫೋನ್ ಮಾಡಿ ಎಲ್ಲ ಒಪ್ಪಿಸಿದೆ. ಕ್ಲಚ್ಚು ಒಂದಲ್ಲ, ಐದಿವೆ ಎಂದೆ. ಹದಿನೆಂಟು ಡಾಲರಿನ ಸ್ವಿಚ್ಚಿನ ಕತೆಯನ್ನೂ ಹೇಳಿದೆ.

“ಮತ್ತೆ ಆ ಕೂಲರ್ಗೆ ಎಷ್ಟು ಕೊಟ್ಟಿದ್ದೆ?”

“ಅದೂ ಬೇಕಿತ್ತು ಮಾವ. ಇಲ್ಲಿಯ ಸೆಖೆಗೆ.”

“ಹ್ಞೂಂ. ಏರಲ್ಲಿ ಯಾವ ಗೇರಲ್ಲಿ ಹೋದೆ?”

“ಮೂರನೇದು.”

“ಎರಡಕ್ಕೆ ಹಾಕ್ಬೇಕಿತ್ತು,” ಎಂದರು.